ದೂರ ಪ್ರಯಾಣದಲ್ಲಿ ಯಾವ ಗ್ಯಾಸ್ ಸ್ಟೇಷನ್ ಅಂಗಡಿಯನ್ನು ನಂಬಬಹುದು?

ಹಾಸನದ ಮಗಳು, ರಾಲೀ

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಮುಂದಿನ ತಿಂಗಳು ನಾರ್ತ್ ಕ್ಯಾರೊಲಿನಾದ ರಾಲೀಯಿಂದ ಕಾರಿನಲ್ಲಿ ಹೊರಟು ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನ, ಅಲ್ಲಿಂದ ನಯಾಗರಾ, ಆಮೇಲೆ ನ್ಯೂಜೆರ್ಸಿಯಲ್ಲಿರುವ ತಮ್ಮನ ಮನೆ, ಕೊನೆಗೆ ಐ-95 ಹೆದ್ದಾರಿ ಹಿಡಿದು ವಾಪಸ್ಸು ಬರುವುದೆಂದು ಯೋಚಿಸಿದ್ದೇವೆ. ಅಪ್ಪನಿಗೆ ಎಪ್ಪತ್ತಮೂರು ವರ್ಷ, ಸಕ್ಕರೆ ಕಾಯಿಲೆಯಿದೆ. ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲಿಸಲೇಬೇಕು. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ.

ಕಳೆದ ವರ್ಷ ಅತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದಾಗ ಹೆದ್ದಾರಿಯ ಪಕ್ಕದ ಒಂದು ಬಂಕಿನಲ್ಲಿ ಶೌಚಾಲಯದ ಬೀಗದ ಕೈಯನ್ನು ಮೊಳದುದ್ದದ ಮರದ ತುಂಡಿಗೆ ಕಟ್ಟಿ ಕೊಟ್ಟರು. ಬಾಗಿಲು ಕಟ್ಟಡದ ಹಿಂಬದಿಯಲ್ಲಿತ್ತು, ದೀಪ ಇರಲಿಲ್ಲ, ನೆಲವೆಲ್ಲ ಒದ್ದೆಯಾಗಿತ್ತು. ಅತ್ತೆ ಸೀರೆಯ ನೆರಿಗೆಯನ್ನು ಮೇಲೆತ್ತಿ ಹಿಡಿದುಕೊಂಡು ಒಳಗೊಮ್ಮೆ ಇಣುಕಿ, ಕಾಲಿಡದೆ ಹಾಗೆಯೇ ಹಿಂದಿರುಗಿದರು. ಆಮೇಲಿನ ಎರಡು ಗಂಟೆ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ಆ ಸಂಕಟವನ್ನು ಅಪ್ಪ ಅಮ್ಮನಿಗೆ ಕೊಡಲು ನನಗೆ ಮನಸ್ಸಿಲ್ಲ.

ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ. ಈ ದಾರಿಯಲ್ಲಿ ಯಾವ ಸರಪಳಿ ಅಂಗಡಿಗಳನ್ನು, ಅಂದರೆ ಒಂದೇ ಹೆಸರಿನಲ್ಲಿ ಹಲವೆಡೆ ಇರುವ ಪೆಟ್ರೋಲ್ ಬಂಕಿನ ಅಂಗಡಿಗಳನ್ನು, ಕಣ್ಣುಮುಚ್ಚಿ ನಂಬಬಹುದು? ಶೌಚಾಲಯ, ಸಸ್ಯಾಹಾರ, ಕುಳಿತುಕೊಳ್ಳಲು ಜಾಗ, ಈ ಮೂರರ ಬಗ್ಗೆ ನಿಮ್ಮ ಅನುಭವ ತಿಳಿಸಿ.

ಮೂರು ನದಿ, ಪಿಟ್ಸ್‌ಬರ್ಗ್

ನೀವು ಹೋಗುವ ಅರ್ಧ ದಾರಿಗೆ ಉತ್ತರ ಒಂದೇ ಪದ: ಶೀಟ್ಸ್. ನಾರ್ತ್ ಕ್ಯಾರೊಲಿನಾ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾ, ಪೆನ್ಸಿಲ್ವೇನಿಯಾ, ಈ ನಾಲ್ಕು ರಾಜ್ಯಗಳಲ್ಲೂ ಅದರ ಅಂಗಡಿಗಳಿವೆ. ಪೆನ್ಸಿಲ್ವೇನಿಯಾದ ಆಲ್ಟೂನಾದಲ್ಲಿ 1952ರಲ್ಲಿ ಶುರುವಾದ ಕುಟುಂಬದ ವ್ಯಾಪಾರ ಅದು, ಇಂದಿಗೂ ಆ ಮನೆತನದ ಕೈಯಲ್ಲೇ ಇದೆ. ದಿನದ ಇಪ್ಪತ್ತನಾಲ್ಕು ಗಂಟೆಯೂ ಬಾಗಿಲು ತೆರೆದಿರುತ್ತದೆ.

ತಿಂಡಿಯನ್ನು ಪರದೆಯ ಮೇಲೆ ಬೆರಳಿಟ್ಟು ಹೇಳುವ ವ್ಯವಸ್ಥೆ ನಮ್ಮಂಥವರಿಗೆ ದೊಡ್ಡ ಅನುಕೂಲ. ಮಾಂಸ ಬೇಡ, ಮೊಟ್ಟೆ ಬೇಡ, ಹಲಪೀನೋ ಮೆಣಸಿನಕಾಯಿ ಇರಲಿ ಎಂದು ಒಂದೊಂದನ್ನೇ ನಾವೇ ಒತ್ತಬಹುದು. ಉಚ್ಚಾರಣೆ ಅರ್ಥವಾಗದೆ ಎರಡೆರಡು ಸಲ ಹೇಳುವ ಮುಜುಗರವಿಲ್ಲ. ನಮ್ಮ ತಂದೆ ಎರಡನೆಯ ಭೇಟಿಯಲ್ಲಿಯೇ ಯಾರ ಸಹಾಯವೂ ಇಲ್ಲದೆ ತಮ್ಮ ತಿಂಡಿಯನ್ನು ತಾವೇ ತರಿಸಿಕೊಂಡರು. ಇಂಗ್ಲಿಷಿನಲ್ಲಿ ಮಾತನಾಡಲು ಸಂಕೋಚಪಡುವ ಮನುಷ್ಯ, ಅಂದು ಚೀಟಿ ಹಿಡಿದು ತಮ್ಮ ಸಂಖ್ಯೆಗಾಗಿ ಕಾಯುತ್ತ ನಿಂತಿದ್ದ ರೀತಿಯನ್ನು ನಾನು ಮರೆಯಲಾರೆ. ಹೊಸದಾಗಿ ಕಟ್ಟಿದ ದೊಡ್ಡ ಅಂಗಡಿಗಳಲ್ಲಿ ಮೇಜು ಕುರ್ಚಿಗಳೂ ಇರುತ್ತವೆ.

ಎಡಿಸನ್ ಶೆಟ್ಟರು

ಹಾಸನದ ಮಗಳು ಅವರೇ, ಶೀಟ್ಸ್ ಚೆನ್ನಾಗಿದೆ ಎಂಬುದನ್ನು ಒಪ್ಪುತ್ತೇನೆ, ಆದರೆ ವಾವಾವನ್ನು ನೋಡದೆ ತೀರ್ಮಾನ ಮಾಡಬೇಡಿ. ನೀವು ನ್ಯೂಜೆರ್ಸಿಯಿಂದ ಡೆಲವೇರ್, ಮೇರಿಲ್ಯಾಂಡ್ ಮೂಲಕ ವರ್ಜೀನಿಯಾದವರೆಗೆ ಇಳಿಯುವ ದಾರಿ ಪೂರ್ತಿ ವಾವಾದ ಸೀಮೆ.

ಇದು ಮೂಲತಃ ಹಾಲಿನ ವ್ಯಾಪಾರ. ಪೆನ್ಸಿಲ್ವೇನಿಯಾದ ವಾವಾ ಎಂಬ ಊರಿನಲ್ಲಿ 1902ರಲ್ಲಿ ಡೈರಿ ಆರಂಭವಾಯಿತು. ಮನೆಮನೆಗೆ ಹಾಲು ಹಾಕುವ ಪದ್ಧತಿ ಇಳಿಮುಖವಾದಾಗ 1964ರಲ್ಲಿ ಫೋಲ್ಸಮ್‌ನಲ್ಲಿ ಮೊದಲ ಅಂಗಡಿ ತೆರೆದರು. ಪೆಟ್ರೋಲ್ ಬಂದದ್ದು ಎಷ್ಟೋ ಕಾಲದ ನಂತರ. ಹೀಗಾಗಿ ಅಲ್ಲಿ ಅಂಗಡಿಯೇ ಯಜಮಾನ, ಪೆಟ್ರೋಲ್ ಅದರ ಜೊತೆಗೆ ಬಂದದ್ದು ಎಂಬ ಭಾವನೆ ಇಂದಿಗೂ ಬರುತ್ತದೆ. ಫಲಕದ ಮೇಲೆ ಹಾರುವ ಹೆಬ್ಬಾತಿನ ಚಿತ್ರವಿರುವುದಕ್ಕೂ ಕಾರಣವಿದೆ: ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ಭಾಷೆಯಲ್ಲಿ ಆ ಹಕ್ಕಿಯ ಹೆಸರೇ ವಾವಾ. ಕಂಪನಿಯ ಸುಮಾರು ಶೇ 40ರಷ್ಟು ಪಾಲು ನೌಕರರದ್ದು. ಬೆಳಿಗ್ಗೆ ಆರು ಗಂಟೆಗೆ ಕಾಫಿಗೆ ಹೋದರೆ ಕೆಲಸದವರ ಮುಖದಲ್ಲಿ ಆ ವ್ಯತ್ಯಾಸ ಕಾಣುತ್ತದೆಂದು ನಾನು ನಂಬಿದ್ದೇನೆ.

ನೆನಪಿಟ್ಟುಕೊಳ್ಳಬೇಕಾದ ಇನ್ನೆರಡು ಅನುಕೂಲಗಳಿವೆ. ಅಲ್ಲಿನ ಎಟಿಎಂನಲ್ಲಿ ಹಣ ತೆಗೆದರೆ ಅವರು ಶುಲ್ಕ ಹಾಕುವುದಿಲ್ಲ. ‘ಹೋಗೀ’ ಎಂಬ ಉದ್ದ ಬ್ರೆಡ್ಡನ್ನು ಬರೀ ತರಕಾರಿ, ಚೀಸ್ ಹಾಕಿಸಿ ಬಿಸಿ ಮಾಡಿಸಬಹುದು. ಆರು ಅಂಗುಲದ ಶಾರ್ಟಿ ಒಬ್ಬರಿಗೆ ಧಾರಾಳ, ಹತ್ತು ಅಂಗುಲದ ಕ್ಲಾಸಿಕ್ ಅಪ್ಪ ಅಮ್ಮ ಇಬ್ಬರಿಗೂ ಆಗುತ್ತದೆ.

ಮೂರು ನದಿ, ಪಿಟ್ಸ್‌ಬರ್ಗ್

ಶೆಟ್ಟರೇ, ಬ್ರೆಡ್ಡಿನ ವಿಷಯದಲ್ಲಿ ನಿಮ್ಮದೇ ಮೇಲುಗೈ ಎಂದು ಬಿಟ್ಟುಕೊಡುತ್ತೇನೆ. ಆದರೆ ರಾತ್ರಿ ಎರಡು ಗಂಟೆಗೆ ಬಿಸಿಬಿಸಿ ಕರಿದ ತಿಂಡಿ ಬೇಕೆಂದರೆ ಶೀಟ್ಸ್‌ಗೆ ಸಾಟಿಯಿಲ್ಲ.

ಕೊಡಚಾದ್ರಿ

ಕರಿದ ತಿಂಡಿ ಎಂದದ್ದಕ್ಕೆ ಒಂದು ಎಚ್ಚರಿಕೆ ಹೇಳಲೇಬೇಕು. ಯಾವ ಸರಪಳಿಯಾದರೂ ಸರಿ, ಆಲೂಗಡ್ಡೆಯನ್ನೂ ಚೀಸ್ ಕಡ್ಡಿಗಳನ್ನೂ ಕೋಳಿ ಕರಿದ ಎಣ್ಣೆಯಲ್ಲೇ ಕರಿಯುವ ಸಾಧ್ಯತೆ ಇದ್ದೇ ಇರುತ್ತದೆ. ಪರದೆಯ ಮೇಲೆ ಮಾಂಸವನ್ನು ತೆಗೆದುಹಾಕಬಹುದೇ ಹೊರತು ಎಣ್ಣೆಯನ್ನು ಬದಲಾಯಿಸಲು ಗುಂಡಿ ಇರುವುದಿಲ್ಲ. ನಾನೊಮ್ಮೆ ಹೆಸರು ಹೇಳಲು ಬಯಸದ ಒಂದು ಅಂಗಡಿಯಲ್ಲಿ ಬೀನ್ಸ್ ಬರಿಟೋ ತೆಗೆದುಕೊಂಡು ಅರ್ಧ ತಿಂದ ಮೇಲೆ ಪೊಟ್ಟಣದ ಹಿಂಬದಿಯನ್ನು ಓದಿದೆ. ಬೀನ್ಸ್ ಬೇಯಿಸಿದ್ದು ಹಂದಿಯ ಕೊಬ್ಬಿನಲ್ಲಿ. ಮನೆಗೆ ಬಂದು ತಲೆಗೆ ಸ್ನಾನ ಮಾಡಿದರೂ ಮನಸ್ಸು ಸಮಾಧಾನವಾಗಲಿಲ್ಲ.

ಅಂದಿನಿಂದ ಮೂರು ವಸ್ತುಗಳು ಇವೆಯೇ ಎಂದು ಓದಿ ನೋಡದೆ ಏನನ್ನೂ ಕೊಳ್ಳುವುದಿಲ್ಲ. ಬೀನ್ಸ್‌ನಲ್ಲಿ ಕೊಬ್ಬು, ಮೊಸರು ಮತ್ತು ಮಾರ್ಷ್‌ಮ್ಯಾಲೋಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಾಟಿನ್, ಸೀಸರ್ ಡ್ರೆಸಿಂಗ್‌ನಲ್ಲಿ ಮೀನು ಇರಬಹುದು. ನಿಮ್ಮ ತಾಯಿಯವರಿಗೆ ಹಣ್ಣು, ಹುರಿದ ಕಡಲೆಬೀಜ, ಗೋಡಂಬಿ ಇವೇ ಕ್ಷೇಮ. ಊಟಕ್ಕೆ ಮನೆಯಿಂದಲೇ ಪುಳಿಯೋಗರೆ ಕಟ್ಟಿಕೊಳ್ಳಿ.

ಹಾಸನದ ಮಗಳು, ರಾಲೀ

ಪುಳಿಯೋಗರೆ, ಚಪಾತಿ, ಮೊದಲ ದಿನಕ್ಕೆ ಮೊಸರನ್ನ, ಇವೆಲ್ಲ ಕಟ್ಟುವುದು ಖಚಿತ. ಹಾಗಾಗಿ ಅಂಗಡಿಯಿಂದ ನನಗೆ ಬೇಕಾದದ್ದು ಬಿಸಿನೀರು, ಸ್ವಚ್ಛ ಶೌಚಾಲಯ, ಡಬ್ಬಿ ಬಿಚ್ಚಿ ಉಣ್ಣಲು ಒಂದು ಮೂಲೆ. ಬಕೀಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಅಪ್ಪ ಯೂಟ್ಯೂಬಿನಲ್ಲಿ ನೋಡಿ ದಿನಕ್ಕೊಮ್ಮೆ ಕೇಳುತ್ತಿದ್ದಾರೆ.

ಬಯಲುಸೀಮೆ, ಡಲ್ಲಾಸ್

ಟೆಕ್ಸಸ್‌ನವನಾಗಿ ಈ ಪ್ರಶ್ನೆಗೆ ಉತ್ತರಿಸುವ ಹಕ್ಕು ನನ್ನದು. ಬಕೀಸ್ 1982ರಲ್ಲಿ ಲೇಕ್ ಜಾಕ್ಸನ್ ಊರಿನಲ್ಲಿ ಒಂದು ಸಾಮಾನ್ಯ ಅಂಗಡಿಯಾಗಿ ಆರಂಭವಾಯಿತು. ಇಂದು ಲೂಲಿಂಗ್‌ನಲ್ಲಿರುವ ಅಂಗಡಿಯ ವಿಸ್ತೀರ್ಣ 75 ಸಾವಿರ ಚದರ ಅಡಿಗಿಂತ ಹೆಚ್ಚು, ಪೆಟ್ರೋಲ್ ಹಾಕುವ ಪಂಪುಗಳು 120. ನಮ್ಮ ಊರುಗಳ ಸಂತೆಮಾಳವನ್ನು ಒಂದೇ ಸೂರಿನಡಿ ತಂದಂತೆ ಇರುತ್ತದೆ.

ಆದರೆ ಜನ ಅದನ್ನು ನೆನಪಿಟ್ಟುಕೊಂಡಿರುವುದು ಶೌಚಾಲಯದಿಂದ. ನ್ಯೂ ಬ್ರೌನ್‌ಫೆಲ್ಸ್‌ನ ಅಂಗಡಿಗೆ 2012ರಲ್ಲಿ ಅಮೆರಿಕದ ಅತ್ಯುತ್ತಮ ಶೌಚಾಲಯವೆಂಬ ಪ್ರಶಸ್ತಿ ಬಂದಿತ್ತು. ಒಳಗೆ ಪ್ರತಿ ಕೋಣೆಗೂ ನೆಲದವರೆಗೆ ಇಳಿಯುವ ಬಾಗಿಲಿದೆ. ಬೇರೆಡೆ ಬಾಗಿಲಿನ ಕೆಳಗೆ ಒಂದಡಿ ಖಾಲಿ ಬಿಡುವ ಪದ್ಧತಿ ನಮ್ಮ ಹೆಂಗಸರಿಗೆ ಎಷ್ಟು ಹಿಂಸೆ ಎಂಬುದು ನಿಮಗೆ ಗೊತ್ತೇ ಇದೆ. ಒರೆಸುವವರು ಸದಾ ಓಡಾಡುತ್ತಲೇ ಇರುತ್ತಾರೆ. ಅಂಗಡಿಯ ಬಾಗಿಲಿನಲ್ಲಿಯೇ ಯಾವ ಕೆಲಸಕ್ಕೆ ಗಂಟೆಗೆ ಎಷ್ಟು ಸಂಬಳವೆಂದು ಫಲಕ ಹಾಕಿರುತ್ತಾರೆ. ಶುಚಿಗೊಳಿಸುವವರ ಸಂಬಳವೂ ಅದರಲ್ಲಿರುತ್ತದೆ. ಶೌಚಾಲಯ ತೊಳೆಯುವವರ ಕೂಲಿಯನ್ನು ಮುಂಬಾಗಿಲಿನಲ್ಲಿ ಬರೆದು ಹಾಕಲು ಸಂಕೋಚಪಡದ ಅಂಗಡಿಯ ಬಗ್ಗೆ ನನಗೆ ಗೌರವವಿದೆ.

ನಿಮ್ಮ ದಾರಿಗೆ ಹತ್ತಿರವಿರುವುದು ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಲ್ಲಿ ಐ-81ರ ಪಕ್ಕ 2025ರಲ್ಲಿ ತೆರೆದದ್ದು.

ಸಾಗರದವನು, ಅಟ್ಲಾಂಟಾ

ಇದನ್ನು ನಾನು ಒಪ್ಪುವುದಿಲ್ಲ. ಬಕೀಸ್ ಜಾತ್ರೆಗೆ ಹೋದಂತೆ ಹೋಗಿ ಬರಬೇಕಾದ ಸ್ಥಳ. ವಯಸ್ಸಾದವರಿಗೆ ತುರ್ತಾಗಿ ನಿಲ್ಲಿಸುವ ಸ್ಥಳವಲ್ಲ. ವಾರಾಂತ್ಯದಲ್ಲಿ ಕಾರು ನಿಲ್ಲಿಸಿದ ಜಾಗದಿಂದ ಬಾಗಿಲಿಗೆ, ಬಾಗಿಲಿನಿಂದ ಶೌಚಾಲಯಕ್ಕೆ ನಡೆಯುವಷ್ಟರಲ್ಲಿ ಮಂಡಿನೋವಿನವರಿಗೆ ಸಾಕುಬೇಕಾಗುತ್ತದೆ. ಅಷ್ಟು ದೊಡ್ಡ ಅಂಗಡಿಯಲ್ಲಿ ಕುಳಿತು ತಿನ್ನಲು ಒಂದು ಮೇಜಾಗಲಿ ಕುರ್ಚಿಯಾಗಲಿ ಇಟ್ಟಿಲ್ಲ. ನಮ್ಮ ತಾಯಿ ಜೂನ್ ತಿಂಗಳ ಬಿಸಿಲಿನಲ್ಲಿ ಕಾರಿನ ಬಾಗಿಲು ತೆರೆದು, ಕಾಲುಗಳನ್ನು ಹೊರಗೆ ಇಳಿಬಿಟ್ಟು, ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಮೊಸರನ್ನ ಉಂಡರು. ಕೈ ತೊಳೆಯಲು ಬಾಟಲಿಯ ನೀರನ್ನು ನಾನೇ ಹುಯ್ದೆ. ಹದಿನೆಂಟು ಚಕ್ರದ ಲಾರಿಗಳಿಗಂತೂ ಅಲ್ಲಿ ಪ್ರವೇಶವೇ ಇಲ್ಲ. ರಸ್ತೆಯಲ್ಲೇ ಬದುಕುವ ಚಾಲಕರನ್ನು ಹೊರಗಿಡುವ ಅಂಗಡಿಯನ್ನು ಪ್ರಯಾಣಿಕರ ಅಂಗಡಿಯೆಂದು ಹೇಗೆ ಕರೆಯುವುದು?

ಬಯಲುಸೀಮೆ, ಡಲ್ಲಾಸ್

ಲಾರಿಗಳನ್ನು ಹೊರಗಿಡುವುದರಿಂದಲೇ ಕಾರಿನವರಿಗೆ ಜಾಗ ಸಿಗುತ್ತದೆ. ಚಾಲಕರಿಗೆ ಲವ್ಸ್, ಪೈಲಟ್ ಎಂಬ ಲಾರಿ ತಂಗುದಾಣಗಳಿವೆ. ಸ್ನಾನದ ಕೋಣೆ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಅಲ್ಲಿವೆ. ಎಲ್ಲರೂ ಎಲ್ಲರಿಗೂ ಅಂಗಡಿ ಇಡಬೇಕೆಂದಿಲ್ಲ. ಕುರ್ಚಿಗಳ ವಿಷಯದಲ್ಲಿ ಮಾತ್ರ ನಿಮ್ಮ ಮಾತು ನಿಜ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹಿಮದೂರು, ಮಿನೆಸೋಟ

ಈ ಚರ್ಚೆಯಲ್ಲಿ ಕ್ವಿಕ್ ಟ್ರಿಪ್‌ನ ಹೆಸರು ಬಾರದಿದ್ದರೆ ಅನ್ಯಾಯವಾಗುತ್ತದೆ. ವಿಸ್ಕಾನ್ಸಿನ್‌ನ ಲಾ ಕ್ರಾಸ್‌ನಲ್ಲಿ ಅವರದೇ ಡೈರಿ, ಅವರದೇ ಬೇಕರಿ ಇದೆ. ಅಲ್ಲಿಂದ ಬರುವ ಹಾಲು ಬಹಳ ಕಾಲ ಪ್ಲಾಸ್ಟಿಕ್ ಚೀಲದಲ್ಲಿರುತ್ತಿತ್ತು. ಮೊದಲ ಸಲ ಆ ಹಾಲಿನ ಚೀಲವನ್ನು ಕೈಯಲ್ಲಿ ಹಿಡಿದಾಗ ನಂದಿನಿ ಪ್ಯಾಕೆಟ್ ನೆನಪಾಗಿ ನನ್ನ ಹೆಂಡತಿಯ ಕಣ್ಣು ತುಂಬಿತು. ಜನವರಿಯಲ್ಲಿ ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವಾಗಲೂ ಬಾಳೆಹಣ್ಣು ಅಗ್ಗವಾಗಿ ಸಿಗುತ್ತದೆ. ಹೊರಡುವಾಗ ಪ್ರತಿಯೊಬ್ಬರಿಗೂ ‘ಮತ್ತೆ ಸಿಗೋಣ’ ಎನ್ನುತ್ತಾರೆ. ನಮ್ಮಲ್ಲಿ ಮನೆಯಿಂದ ಹೊರಟವರಿಗೆ ‘ಹೋಗಿ ಬನ್ನಿ’ ಎನ್ನುವುದಿಲ್ಲವೇ, ಹಾಗೆ.

ಹೊಸಬ, ಅರಿಜೋನಾ

ಕ್ವಿಕ್‌ಟ್ರಿಪ್ ನಮ್ಮ ಫೀನಿಕ್ಸ್‌ನಲ್ಲೂ ಇದೆ, ಆದರೆ ಚೀಲದ ಹಾಲನ್ನು ನಾನು ಕಂಡಿಲ್ಲವಲ್ಲ?

ಹಿಮದೂರು, ಮಿನೆಸೋಟ

ಅದು ಬೇರೆ ಕಂಪನಿ, ತಮ್ಮಾ. ನಿಮ್ಮಲ್ಲಿರುವುದು 1958ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಹುಟ್ಟಿದ್ದು, ಕ್ಯೂಟಿ ಎಂದು ಕರೆಯುತ್ತಾರೆ. ನಮ್ಮದರ ಹೆಸರು ಇಂಗ್ಲಿಷಿನಲ್ಲಿ ‘ಕೆ’ ಅಕ್ಷರದಿಂದ ಶುರುವಾಗುತ್ತದೆ. ಹೆಸರಿನ ಗೊಂದಲ ತಪ್ಪಿಸಲು ಅಯೋವಾದಲ್ಲಿ ನಮ್ಮದನ್ನು ಕ್ವಿಕ್ ಸ್ಟಾರ್ ಎನ್ನುತ್ತಾರೆ. ಕ್ಯೂಟಿಯೂ ಒಳ್ಳೆಯದೇ. ಅಪಾಯದಲ್ಲಿರುವ ಮಕ್ಕಳು ಅಲ್ಲಿಗೆ ಹೋಗಿ ಸಹಾಯ ಕೇಳಬಹುದಾದ ಸೇಫ್ ಪ್ಲೇಸ್ ಎಂಬ ಏರ್ಪಾಡಿನಲ್ಲಿ ಅವರು ಭಾಗಿಯಾಗಿದ್ದಾರೆ.

ಹೊಸಬ, ಅರಿಜೋನಾ

ತಿದ್ದಿದ್ದಕ್ಕೆ ಧನ್ಯವಾದ ಸರ್. ನನ್ನದೊಂದು ಅಳಲನ್ನೂ ಹೇಳಿಬಿಡುತ್ತೇನೆ. ಎಂ.ಎಸ್. ಓದಲು ಬಂದ ಮೊದಲ ತಿಂಗಳು ಖಾತೆಯಲ್ಲಿ 210 ಡಾಲರ್ ಇತ್ತು. ಒಂದು ಬಂಕಿನಲ್ಲಿ ಡೆಬಿಟ್ ಕಾರ್ಡಿನಿಂದ 20 ಡಾಲರ್‌ನ ಪೆಟ್ರೋಲ್ ಹಾಕಿಸಿಕೊಂಡು ದಿನಸಿ ಅಂಗಡಿಗೆ ಹೋದರೆ ಕಾರ್ಡು ನಡೆಯಲಿಲ್ಲ. ಅಕ್ಕಿ, ಬೇಳೆ ಎಲ್ಲವನ್ನೂ ಗಲ್ಲಾದ ಮುಂದೆಯೇ ಬಿಟ್ಟು ಬಂದೆ. ಫೋನಿನಲ್ಲಿ ನೋಡಿದರೆ 175 ಡಾಲರ್ ತಡೆಹಿಡಿದಿದ್ದರು.

ರಾತ್ರಿ ಪಾಳಿ, ಓಹಾಯೋ

ನಾನು ಒಂದು ಸರಪಳಿ ಅಂಗಡಿಯಲ್ಲಿ ಎರಡು ವರ್ಷ ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿದವಳು, ಆದ್ದರಿಂದ ಗಲ್ಲಾದ ಆ ಬದಿಯಿಂದ ಕೆಲವು ಮಾತು ಹೇಳುತ್ತೇನೆ.

ಮೊದಲು ಹೊಸಬರ ಪ್ರಶ್ನೆ. ಪಂಪಿಗೆ ಕಾರ್ಡು ಹಾಕಿದಾಗ ನೀವು ಎಷ್ಟು ಪೆಟ್ರೋಲ್ ತುಂಬಿಸುವಿರೆಂದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಅದಕ್ಕಾಗಿ ಒಂದು ಮೊತ್ತವನ್ನು ಮುಂಗಡವಾಗಿ ತಡೆಹಿಡಿಯುತ್ತದೆ; ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು 2022ರಲ್ಲಿ ಆ ಮಿತಿಯನ್ನು 125ರಿಂದ 175 ಡಾಲರ್‌ಗೆ ಏರಿಸಿದವು. ನಿಜವಾದ ಲೆಕ್ಕ ಬ್ಯಾಂಕಿಗೆ ತಲುಪಿದ ಮೇಲೆ ಉಳಿದದ್ದನ್ನು ಬಿಡುತ್ತಾರೆ. ಡೆಬಿಟ್ ಕಾರ್ಡಿರುವವರು ಒಳಗೆ ಬಂದು ಗಲ್ಲಾದಲ್ಲಿ ‘ಇಷ್ಟು ಡಾಲರ್‌ಗೆ ಮಾತ್ರ’ ಎಂದು ಹೇಳಿ ಕಟ್ಟಿದರೆ ಈ ತೊಂದರೆ ಬರುವುದಿಲ್ಲ.

ಎರಡನೆಯದು ಶೌಚಾಲಯ. ನಮ್ಮಲ್ಲಿ ಬಾಗಿಲಿನ ಹಿಂದೆ ಒಂದು ಹಾಳೆ ಅಂಟಿಸಿರುತ್ತಿತ್ತು. ಪ್ರತಿ ಗಂಟೆಗೊಮ್ಮೆ ನೋಡಿ, ಒರೆಸಿ, ಸಮಯ ಬರೆದು ಸಹಿ ಮಾಡಬೇಕಿತ್ತು. ರಾತ್ರಿ ಒಬ್ಬಳೇ ಇರುವಾಗ ಗಲ್ಲಾ ಬಿಟ್ಟು ಹೋಗುವಂತಿರಲಿಲ್ಲ, ಹೋಗದಿದ್ದರೆ ಹಾಳೆ ಖಾಲಿ ಉಳಿಯುತ್ತಿತ್ತು. ಹೀಗಾಗಿ ಒಂದು ಅಂಗಡಿಯ ಶೌಚಾಲಯ ಹೇಗಿರುತ್ತದೆಂಬುದು ಆ ಹೊತ್ತಿನಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಎಂಬುದರ ಮೇಲೆ ನಿಂತಿದೆ. ನೀವು ಒಳಗೆ ಕಾಲಿಟ್ಟ ಕೂಡಲೇ ಗಲ್ಲಾದ ಹಿಂದೆ ಎಷ್ಟು ಜನ ಇದ್ದಾರೆಂದು ನೋಡಿ; ಇಬ್ಬರಿಗಿಂತ ಹೆಚ್ಚಿದ್ದರೆ ಅಮ್ಮನನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ.

ಮೂರನೆಯದು, ಫಲಕವನ್ನು ನೋಡಿ ಮೋಸಹೋಗಬೇಡಿ. ಶೆಲ್, ಎಕ್ಸಾನ್ ಎಂದು ಬರೆದಿರುವ ಬಂಕುಗಳಲ್ಲಿ ಬಹುಪಾಲು ಆ ತೈಲ ಕಂಪನಿಗಳದ್ದಲ್ಲ. ಹೆಸರು ಮತ್ತು ಪೆಟ್ರೋಲ್ ಅವರದ್ದು, ಅಂಗಡಿ ಬೇರೆಯವರದ್ದು. ಸೆವೆನ್-ಇಲೆವೆನ್ ಎಂಬ ಸರಪಳಿಯಲ್ಲಿಯೂ ಎಷ್ಟೋ ಅಂಗಡಿಗಳನ್ನು ಫ್ರಾಂಚೈಸಿ ಪಡೆದವರು ನಡೆಸುತ್ತಾರೆ. ಆದ್ದರಿಂದ ಒಂದೇ ಫಲಕದ ಕೆಳಗೆ ಒಂದು ಕಡೆ ಕನ್ನಡಿಯಂತೆ, ಇನ್ನೊಂದು ಕಡೆ ಕಾಲಿಡಲಾಗದಂತೆ ಇರುತ್ತದೆ. ಮೇಲೆ ನೀವೆಲ್ಲ ಹೊಗಳಿದ ಶೀಟ್ಸ್, ವಾವಾ, ಬಕೀಸ್, ಎರಡೂ ಕ್ವಿಕ್ ಟ್ರಿಪ್‌ಗಳು ತಮ್ಮ ಅಂಗಡಿಗಳನ್ನು ತಾವೇ ನಡೆಸುತ್ತವೆ. ಒಂದು ಅಂಗಡಿಯಲ್ಲಿ ಕಂಡದ್ದನ್ನು ಇನ್ನೊಂದರಲ್ಲೂ ನಿರೀಕ್ಷಿಸಬಹುದಾದದ್ದು ಇದೇ ಕಾರಣಕ್ಕೆ.

ಎಡಿಸನ್ ಶೆಟ್ಟರು

ಮೇಡಂ, ಇಷ್ಟು ವರ್ಷ ಈ ಭೇದ ನನಗೆ ಹೊಳೆದೇ ಇರಲಿಲ್ಲ. ತುಂಬಾ ಧನ್ಯವಾದಗಳು.

ಮಲೆನಾಡಿಗ, ಅಯೋವಾ

ರಾತ್ರಿ ಪಾಳಿಯವರ ಮಾತು ಸರಿ, ಆದರೆ ಬಿಡಿ ಅಂಗಡಿಯವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಈ ದೇಶದ ಸುಮಾರು ಒಂದೂವರೆ ಲಕ್ಷ ಕನ್ವೀನಿಯೆನ್ಸ್ ಅಂಗಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಒಂದು ಅಂಗಡಿ ಇಟ್ಟುಕೊಂಡಿರುವ ಮಾಲೀಕರದ್ದು. ಪೆಟ್ರೋಲಿನಲ್ಲಿ ಅವರಿಗೆ ಉಳಿಯುವುದು ಗ್ಯಾಲನ್‌ಗೆ ಕೆಲವೇ ಸೆಂಟ್‌ಗಳು, ಅದರಲ್ಲೂ ಕಾರ್ಡಿನ ಶುಲ್ಕ ಹೋಗುತ್ತದೆ. ಮನೆ ನಡೆಯುವುದು ಒಳಗಿನ ಕಾಫಿ, ತಿಂಡಿಯ ಮಾರಾಟದಿಂದ.

ನಮ್ಮ ಊರಿನ ಬಂಕನ್ನು ಒಬ್ಬ ಗುಜರಾತಿ ದಂಪತಿ ನಡೆಸುತ್ತಾರೆ. ಬೆಳಿಗ್ಗೆ ಐದಕ್ಕೆ ಗಂಡ, ಮಧ್ಯಾಹ್ನ ಎರಡರ ಮೇಲೆ ಹೆಂಡತಿ, ಹಬ್ಬ ಹುಣ್ಣಿಮೆ ಎನ್ನದೆ ಹದಿನಾಲ್ಕು ವರ್ಷದಿಂದ ಹೀಗೇ. ಗಲ್ಲಾದ ಹಿಂದಿನ ಚಿಕ್ಕ ಒಲೆಯ ಮೇಲೆ ಶುಂಠಿ ಜಜ್ಜಿ ಹಾಕಿದ ಚಹಾ ಕುದಿಯುತ್ತಿರುತ್ತದೆ, ಅದನ್ನು ಮಾರುವುದಿಲ್ಲ, ಪರಿಚಯದವರಿಗೆ ಹಾಗೆಯೇ ಕೊಡುತ್ತಾರೆ. ನಮ್ಮ ತಾಯಿ ಬಂದಿದ್ದಾಗ ಆಕೆ ‘ಬಾ’ ಎಂದು ಕರೆದು ತಮ್ಮ ಸ್ಟೂಲನ್ನೇ ಬಿಟ್ಟುಕೊಟ್ಟರು. ಗುಜರಾತಿಯಲ್ಲಿ ‘ಬಾ’ ಎಂದರೆ ತಾಯಿ. ನಮ್ಮಮ್ಮ ಅದನ್ನು ಕನ್ನಡದ ‘ಬಾ’ ಎಂದೇ ತಿಳಿದು ಹತ್ತಿರ ಹೋಗಿ ಕುಳಿತರು.

ಸಣ್ಣ ಊರುಗಳ ಮಾತು ಬಂದದ್ದರಿಂದ ಕೇಸೀಸ್ ಬಗ್ಗೆಯೂ ಒಂದು ಸಾಲು. ಅಯೋವಾದಲ್ಲಿ 1968ರಲ್ಲಿ ಹುಟ್ಟಿದ ಈ ಸರಪಳಿ ಬೇರೆ ಯಾರೂ ಅಂಗಡಿ ತೆರೆಯದ ಪುಟ್ಟ ಊರುಗಳಲ್ಲಿಯೂ ಪಿಜ್ಜಾ ಮಾಡಿಕೊಡುತ್ತದೆ. ಎಷ್ಟೋ ಕಡೆ ಸಂಜೆಯ ಮೇಲೆ ಸಸ್ಯಾಹಾರಿಗೆ ಬಿಸಿ ಊಟವೆಂದರೆ ಅದೊಂದೇ.

ಮತ್ತೆ ಮೈಸೂರು

ಹದಿನಾರು ವರ್ಷ ಅಲ್ಲಿದ್ದು ಊರಿಗೆ ಮರಳಿದವನು ನಾನು. ಇಲ್ಲಿ ಬೆಂಗಳೂರು–ಮೈಸೂರು ಹಳೆಯ ರಸ್ತೆಯಲ್ಲಿ ನಾವು ನಿಲ್ಲಿಸುವುದು ಹೋಟೆಲಿಗೇ ಹೊರತು ಬಂಕಿಗಲ್ಲ. ಮದ್ದೂರಿನಲ್ಲಿ ವಡೆ, ಕಾಫಿ ಮುಗಿಸಿ ಅಲ್ಲೇ ಶೌಚಾಲಯಕ್ಕೂ ಹೋಗಿ ಬರುತ್ತೇವೆ. ಬಂಕುಗಳಲ್ಲಿ ಕುಡಿಯುವ ನೀರು, ಶೌಚಾಲಯ, ಟೈರಿಗೆ ಗಾಳಿ ಉಚಿತವಾಗಿ ಕೊಡಬೇಕೆಂಬ ನಿಯಮ ನಮ್ಮಲ್ಲಿದೆ, ಆದರೆ ಕೇಳಿ ಪಡೆಯುವವರು ಕಡಿಮೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂಥ ನಿಯಮ ಇಲ್ಲದಿದ್ದರೂ ವ್ಯಾಪಾರದ ಪೈಪೋಟಿಯೇ ಶೌಚಾಲಯವನ್ನು ಶುಚಿಯಾಗಿಟ್ಟಿದೆ. ನನಗೆ ಎರಡೂ ಬೇಕು.

ಕೊಡಚಾದ್ರಿ

ಒಂದು ತಿದ್ದುಪಡಿ. ದೇಶಕ್ಕೆಲ್ಲ ಇಲ್ಲ ಎಂಬುದು ನಿಜ, ಆದರೆ ಕೆಲವು ರಾಜ್ಯಗಳಲ್ಲಿ ಆಲೀಸ್ ಲಾ ಎಂಬ ಕಾನೂನಿದೆ. ಇಲಿನಾಯ್ 2005ರಲ್ಲಿ ಮೊದಲು ತಂದಿತು. ಕರುಳಿನ ಕಾಯಿಲೆಯಂಥ ತೊಂದರೆ ಇರುವವರು ತುರ್ತಾಗಿ ಕೇಳಿದರೆ ಅಂಗಡಿಯವರು ನೌಕರರ ಶೌಚಾಲಯವನ್ನಾದರೂ ಬಳಸಲು ಬಿಡಬೇಕು. ಷರತ್ತುಗಳು ರಾಜ್ಯಕ್ಕೊಂದು ರೀತಿ ಇರುತ್ತವೆ.

ಹಾಸನದ ಮಗಳು, ರಾಲೀ

ನಿನ್ನೆ ರಾತ್ರಿ ಮನೆಗೆ ಬಂದೆವು. ನೀವೆಲ್ಲ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಆದ್ದರಿಂದ ಹೇಗಾಯಿತೆಂದು ಹೇಳುವುದು ನನ್ನ ಕರ್ತವ್ಯ.

ಹೋಗುವಾಗ ವೆಸ್ಟ್ ವರ್ಜೀನಿಯಾದ ಬೆಟ್ಟಗಳ ನಡುವೆ ಎರಡು ಸಲ ಶೀಟ್ಸ್‌ನಲ್ಲಿ ನಿಲ್ಲಿಸಿದೆವು. ಗಲ್ಲಾದ ಹಿಂದೆ ಜನರನ್ನು ಎಣಿಸುವ ಉಪಾಯವನ್ನು ಅಪ್ಪನಿಗೂ ಹೇಳಿಕೊಟ್ಟಿದ್ದೆ. ಪ್ರತಿ ಸಲವೂ ಅವರೇ ಮೊದಲು ಒಳಗೆ ಹೋಗಿ, ಎಣಿಸಿ, ಬಾಗಿಲಿಗೆ ಬಂದು ಅಮ್ಮನಿಗೆ ಕೈಸನ್ನೆ ಮಾಡುತ್ತಿದ್ದರು. ಎರಡೂ ಕಡೆ ಶುಚಿಯಾಗಿತ್ತು. ಕಾಫಿಯ ಸಾಲಿನಲ್ಲಿ ಬಿಸಿನೀರಿನ ನಲ್ಲಿಗೆ ಫ್ಲಾಸ್ಕ್ ಹಿಡಿದು, ಇದಕ್ಕೆ ಎಷ್ಟಾಯಿತೆಂದು ಕೇಳಿದರೆ ಹುಡುಗಿ ಏನೂ ಬೇಡ ಎಂದಳು. ಅಪ್ಪನಿಗೆ ಸುಮ್ಮನೆ ಹೊರಡಲು ಮನಸ್ಸಾಗಲಿಲ್ಲ; ಒಂದು ಪೊಟ್ಟಣ ಕಡಲೆಬೀಜ ಕೊಂಡು ಹಣ ಕೊಟ್ಟ ಮೇಲೆಯೇ ಹೊರಗೆ ಬಂದರು.

ನ್ಯೂಜೆರ್ಸಿಯಲ್ಲಿ ಕಾರಿನಿಂದ ಇಳಿಯದೆ ಪೆಟ್ರೋಲ್ ಹಾಕಿಸಿಕೊಂಡಾಗ ಅಮ್ಮನಿಗೆ ನಮ್ಮ ಊರಿಗೇ ಬಂದಂತಾಯಿತು. ಅಲ್ಲಿ 1949ರಿಂದಲೂ ಗ್ರಾಹಕರೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ ಎಂದು ತಮ್ಮ ಹೇಳಿದ. ಶೆಟ್ಟರು ಹೇಳಿದಂತೆ ವಾವಾದಲ್ಲಿ ಹತ್ತು ಅಂಗುಲದ ತರಕಾರಿ ‘ಹೋಗೀ’ ತೆಗೆದುಕೊಂಡು, ಕೈಗವಸು ಬದಲಾಯಿಸಿ ಎಂದು ಕೇಳಿಕೊಂಡೆ. ಒಂದು ಮಾತೂ ಆಡದೆ ಬದಲಾಯಿಸಿದರು. ಅಮ್ಮ ಅರ್ಧ ತಿಂದು, ಉಳಿದರ್ಧದ ಮೇಲೆ ಡಬ್ಬಿಯಿಂದ ಚಟ್ನಿಪುಡಿ ಉದುರಿಸಿ ಅಪ್ಪನಿಗೆ ಕೊಟ್ಟರು.

ಬಕೀಸ್‌ಗೆ ಈ ಸಲ ಹೋಗಲಾಗಲಿಲ್ಲ. ಐ-81 ಹಿಡಿದರೆ ದಾರಿ ದೂರವಾಗುತ್ತದೆಂದು ನಾನೇ ಬೇಡವೆಂದೆ. ಅಪ್ಪ ಊರಿಗೆ ಹೊರಡುವುದು ಅಕ್ಟೋಬರ್‌ನಲ್ಲಿ, ಅಷ್ಟರೊಳಗೆ ಒಂದು ಭಾನುವಾರ ಹೋಗಿ ಬರಬೇಕು.

ಸಾಗರದವನು, ಅಟ್ಲಾಂಟಾ

ರಾಲೀಯಿಂದಾದರೆ ಸೌತ್ ಕ್ಯಾರೊಲಿನಾದ ಫ್ಲಾರೆನ್ಸ್‌ನಲ್ಲಿ, ಐ-95ರ ಪಕ್ಕದಲ್ಲಿಯೇ ಒಂದು ಬಕೀಸ್ ಇದೆ, ವರ್ಜೀನಿಯಾದ್ದಕ್ಕಿಂತ ನಿಮಗೆ ಅನುಕೂಲ. ಭಾನುವಾರ ಬೇಡ, ವಾರದ ನಡುವೆ ಬೆಳಿಗ್ಗೆಯೇ ಹೋಗಿ. ಕಾರಿನಲ್ಲಿ ಮಡಚುವ ಎರಡು ಕುರ್ಚಿಗಳನ್ನು ಇಟ್ಟುಕೊಳ್ಳಿ.